ರಾತ್ರಿ ಬರೀ ಸಲಾಡ್, ಆದರೂ ತೂಕ ಇಳಿಯುತ್ತಿಲ್ಲ: ಡಯಟಿಷಿಯನ್ ಮೇಡಂ ಜೊತೆ ಪ್ರಶ್ನೋತ್ತರ

ಪ್ರಶ್ನೆ (ವಿದ್ಯಾನಗರ, ಹಾಸನ): ನಮಸ್ತೆ ಮೇಡಂ. ನನಗೆ 43 ವರ್ಷ, ಎತ್ತರ 5 ಅಡಿ 2 ಅಂಗುಲ. ಯುಗಾದಿ ಹೊತ್ತಿಗೆ 74 ಕೆ.ಜಿ. ಇದ್ದೆ. ರಾತ್ರಿ ಮುದ್ದೆ, ಅನ್ನ ಎರಡೂ ಬಿಟ್ಟು ಸಲಾಡ್ ಶುರು ಮಾಡಿದೆ, ಎರಡು ತಿಂಗಳಲ್ಲಿ 71ಕ್ಕೆ ಬಂದೆ. ಆಮೇಲೆ ಆರು ವಾರದಿಂದ ಮುಳ್ಳು ಅಲ್ಲಾಡಿಲ್ಲ. ಬೆಳಿಗ್ಗೆ ಮಹಾರಾಜ ಪಾರ್ಕಿನಲ್ಲಿ 40 ನಿಮಿಷ ನಡೆಯುತ್ತೇನೆ, ಒಂದು ದಿನವೂ ತಪ್ಪಿಸಿಲ್ಲ. ರಾತ್ರಿ ದೊಡ್ಡ ಬಟ್ಟಲಿನ ತುಂಬ ಸೌತೆಕಾಯಿ, ಕ್ಯಾರೆಟ್, ಟೊಮೆಟೊ, ಕೋಸು. ಅದಕ್ಕೆ ಮಗಳು ಬೆಂಗಳೂರಿಂದ ತಂದುಕೊಟ್ಟ ಬಾಟಲಿ ಡ್ರೆಸ್ಸಿಂಗ್, ಮೇಲೆ ಸ್ವಲ್ಪ ಆಲಿವ್ ಎಣ್ಣೆ, ಒಂದು ಹಿಡಿ ಹುರಿದ ಕಡ್ಲೆಕಾಯಿ ಬೀಜ. ಇಷ್ಟೇ ಊಟ. ಥೈರಾಯ್ಡ್ ಪರೀಕ್ಷೆ ಮಾಡಿಸಿದ್ದೇನೆ, ಸರಿಯಾಗಿದೆ. ಇನ್ನು ಏನನ್ನು ಬಿಡಲಿ? ಎಣ್ಣೆ ಪೂರ್ತಿ ನಿಲ್ಲಿಸಿಬಿಡಲಾ?

ಉತ್ತರ: ನಮಸ್ತೆ ಅಮ್ಮ. ಸದ್ಯಕ್ಕೆ ಏನನ್ನೂ ಬಿಡಬೇಡಿ. ನೀವು ಹೇಳಿದ ತರಕಾರಿ 250 ಗ್ರಾಂ ಆದರೂ 65 ಕ್ಯಾಲೊರಿ ದಾಟುವುದು ಕಷ್ಟ, ಅದರ ಮೇಲೆ ನನಗೆ ಅನುಮಾನವಿಲ್ಲ. ಅದರ ಮೇಲೆ ಬೀಳುವುದನ್ನು ನೋಡಬೇಕು. ಅಡುಗೆಮನೆಯಲ್ಲಿ ಚಿಕ್ಕ ತೂಕದ ಮೆಷಿನ್ ಇದ್ದರೆ ಇವತ್ತು ರಾತ್ರಿ ಒಂದು ಕೆಲಸ ಮಾಡಿ. ಡ್ರೆಸ್ಸಿಂಗ್ ಬಾಟಲಿಯನ್ನು ಹಾಕುವ ಮುಂಚೆ ಒಮ್ಮೆ ತೂಗಿ, ಹಾಕಿದ ಮೇಲೆ ಇನ್ನೊಮ್ಮೆ ತೂಗಿ. ಎಣ್ಣೆ ಸೀಸೆಗೂ ಹಾಗೇ. ಬೀಜವನ್ನು ಹಿಡಿಯಲ್ಲಿ ತೆಗೆದು ತಟ್ಟೆಗೆ ಹಾಕಿ ತೂಗಿ. ನಾನು ಕೇಳಿದ್ದೇನೆ ಅಂತ ಕೈ ಬಿಗಿ ಮಾಡಬೇಡಿ, ದಿನಾ ಹಾಕುವಷ್ಟೇ ಹಾಕಿ. ಬಾಟಲಿ ಹಿಂದೆ 100 ಗ್ರಾಂಗೆ ಎಷ್ಟು ಅಂತ ಇರುತ್ತದಲ್ಲ, ಅದನ್ನೂ ಬರೆದು ಕಳಿಸಿ.

ಪ್ರಶ್ನೆ ಕೇಳಿದವರು, ಮರುದಿನ: ಮೇಡಂ, ತೂಗಿದೆ. ಡ್ರೆಸ್ಸಿಂಗ್ 48 ಗ್ರಾಂ, ಎಣ್ಣೆ 13 ಗ್ರಾಂ, ಬೀಜ 31 ಗ್ರಾಂ. ಬಾಟಲಿ ಮೇಲೆ 100 ಗ್ರಾಂಗೆ 390 ಕ್ಯಾಲೊರಿ, ಕೊಬ್ಬು 36 ಗ್ರಾಂ, ಸಕ್ಕರೆ 12 ಗ್ರಾಂ ಅಂತಿದೆ. ಒಂದು ಸಲಕ್ಕೆ ಹಾಕಿಕೊಳ್ಳುವ ಪ್ರಮಾಣ 15 ಗ್ರಾಂ ಅಂತಲೂ ಇದೆ. ನಾನು ಅದರ ಮೂರರಷ್ಟು ಹಾಕುತ್ತಿದ್ದೇನೆ, ಗೊತ್ತೇ ಇರಲಿಲ್ಲ.

ಉತ್ತರ: ತೂಗಿದ್ದಕ್ಕೆ ತುಂಬ ಸಂತೋಷ ಅಮ್ಮ. ಈಗ ಇಬ್ಬರೂ ಕೂತು ಲೆಕ್ಕ ಹಾಕೋಣ.

ಡ್ರೆಸ್ಸಿಂಗ್ 48 ಗ್ರಾಂಗೆ ಸುಮಾರು 187 ಕ್ಯಾಲೊರಿ. ಎಣ್ಣೆ ಯಾವುದೇ ಆಗಲಿ ಗ್ರಾಂಗೆ 9, ಅಂದರೆ 13 ಗ್ರಾಂಗೆ 117. ಕಡ್ಲೆಕಾಯಿ ಬೀಜ 100 ಗ್ರಾಂಗೆ 567, ನಿಮ್ಮ ಒಂದು ಹಿಡಿಗೆ 176. ಮೂರೂ ಕೂಡಿದರೆ 480. ತರಕಾರಿಯ 65 ಸೇರಿಸಿದರೆ ಬಟ್ಟಲು 545ಕ್ಕೆ ಬಂತು. ನೀವು ಬಿಟ್ಟ ಊಟವನ್ನು ಪಕ್ಕದಲ್ಲಿಟ್ಟು ನೋಡಿ. 80 ಗ್ರಾಂ ರಾಗಿ ಹಿಟ್ಟಿನ ಮುದ್ದೆ 260ರ ಆಸುಪಾಸು. ಒಗ್ಗರಣೆ ಹದವಾಗಿದ್ದರೆ ಸೊಪ್ಪಿನ ಸಾರು ಸೇರಿಯೂ 400ರ ಒಳಗೆ ಮುಗಿಯುತ್ತದೆ. ಮೂರು ತಿಂಗಳಿಗೂ ಮೇಲೆ ಆಸೆ ಅದುಮಿಕೊಂಡು ಮುದ್ದೆ ಬಿಟ್ಟಿರಿ, ಅದಕ್ಕಿಂತ ಭಾರದ ಊಟ ಮಾಡಿದಿರಿ. ಇದರಲ್ಲಿ ನಿಮ್ಮ ತಪ್ಪೇನೂ ಇಲ್ಲ. ಹಸಿ ತರಕಾರಿಯ ಬಟ್ಟಲು ನೋಡಿದರೆ ಯಾರಿಗೂ ಇಷ್ಟೊಂದು ಅಂತ ಅನ್ನಿಸುವುದಿಲ್ಲ.

ಇನ್ನೊಂದು ಲೆಕ್ಕ ನನ್ನನ್ನು ಹೆಚ್ಚು ಕಾಡಿತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ 2000 ಕ್ಯಾಲೊರಿಯ ಇಡೀ ದಿನದ ಊಟಕ್ಕೆ ಅಡುಗೆ ಎಣ್ಣೆ, ತುಪ್ಪ ಎಲ್ಲ ಸೇರಿ 27 ಗ್ರಾಂ ಇಟ್ಟಿದ್ದಾರೆ. ಅಂದರೆ ಟೀ ಚಮಚದಲ್ಲಿ ಆರು. ನಿಮ್ಮ ಡ್ರೆಸ್ಸಿಂಗಿನಲ್ಲಿ 17 ಗ್ರಾಂ ಕೊಬ್ಬು, ಮೇಲೆ 13 ಗ್ರಾಂ ಎಣ್ಣೆ, ಅಲ್ಲಿಗೆ 30. ಬೆಳಿಗ್ಗೆಯ ದೋಸೆ, ಮಧ್ಯಾಹ್ನದ ಪಲ್ಯ ಯಾವುದೂ ಇದರಲ್ಲಿ ಬಂದಿಲ್ಲ. ಒಂದು ದಿನದ ಎಣ್ಣೆ ಒಂದೇ ಬಟ್ಟಲಲ್ಲಿ ಮುಗಿದುಹೋಗಿದೆ.

ಹಾಗಂತ ಎಣ್ಣೆ ಪೂರ್ತಿ ನಿಲ್ಲಿಸುವುದನ್ನು ನಾನು ಒಪ್ಪುವುದಿಲ್ಲ. ಕ್ಯಾರೆಟ್, ಟೊಮೆಟೊ, ಸೊಪ್ಪಿನಲ್ಲಿರುವ ಕ್ಯಾರೊಟಿನಾಯ್ಡ್‌ಗಳು, ಅಂದರೆ ಬಣ್ಣದ ಪೋಷಕಾಂಶಗಳು, ಕೊಬ್ಬಿನ ಜೊತೆಗೇ ಮೈಗೆ ಹತ್ತುವುದು. ಅಮೆರಿಕದ ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದವರು 2004ರಲ್ಲಿ ಇದನ್ನೇ ಪರೀಕ್ಷಿಸಿ ಪ್ರಕಟಿಸಿದರು. ಪರೀಕ್ಷೆ ಚಿಕ್ಕದು, ಏಳೇ ಜನ. ಕೊಬ್ಬಿಲ್ಲದ ಡ್ರೆಸ್ಸಿಂಗ್ ಹಾಕಿದ ಸಲಾಡ್ ತಿಂದಾಗ ಅವರ ರಕ್ತದಲ್ಲಿ ಕ್ಯಾರೊಟಿನಾಯ್ಡ್ ಹೆಚ್ಚುಕಡಿಮೆ ಕಾಣಲೇ ಇಲ್ಲ, ಕೊಬ್ಬಿದ್ದಾಗ ಕಂಡಿತು. ನಮ್ಮ ಅಜ್ಜಿಯಂದಿರು ಕ್ಯಾರೆಟ್ ಕೋಸಂಬರಿಗೆ ಚಿಟಿಕೆ ಸಾಸಿವೆಯ ಒಗ್ಗರಣೆ ಹಾಕುತ್ತಿದ್ದರಲ್ಲ, ಆ ಒಂದು ಚಮಚ ಎಣ್ಣೆ ಉಳಿಯಲಿ.

ಇವತ್ತಿನಿಂದ ಹೀಗೆ ಮಾಡಿ ನೋಡಿ. ಮೊಸರನ್ನು ತೆಳು ಬಟ್ಟೆಯಲ್ಲಿ ಕಟ್ಟಿ ಎರಡು ಗಂಟೆ ನೇತುಹಾಕಿ, ನೀರು ಇಳಿದು ಗಟ್ಟಿಯಾಗುತ್ತದೆ. ಅದರಲ್ಲಿ ಮೂರು ಊಟದ ಚಮಚ ತೆಗೆದುಕೊಂಡು ಅರ್ಧ ನಿಂಬೆಹಣ್ಣಿನ ರಸ, ಹುರಿದು ಕುಟ್ಟಿದ ಜೀರಿಗೆ, ನಾಲ್ಕು ಕಾಳುಮೆಣಸಿನ ತರಿ, ಒಂದು ಹಸಿಮೆಣಸಿನಕಾಯಿ, ಕೊತ್ತಂಬರಿ ಸೇರಿಸಿ ಚೆನ್ನಾಗಿ ಕದಡಿ. ಕಾಳುಮೆಣಸು ತೋಟದ್ದೇ ಸಿಕ್ಕರೆ ಆಗಾಗಲೇ ಕುಟ್ಟಿಕೊಳ್ಳಿ. ಪುಡಿ ಮಾಡಿಟ್ಟದ್ದಕ್ಕೂ ಅದಕ್ಕೂ ಘಮದಲ್ಲಿ ಅಜಗಜಾಂತರ. ಕೊನೆಗೆ ಒಂದೇ ಟೀ ಚಮಚ ಎಣ್ಣೆಯಲ್ಲಿ ಸಾಸಿವೆ, ಇಂಗು, ಕರಿಬೇವು. ಇಡೀ ಮಿಶ್ರಣ 75 ಕ್ಯಾಲೊರಿ ಸುತ್ತಮುತ್ತ.

ಕಡಿಮೆ ಡ್ರೆಸ್ಸಿಂಗ್ ಇಡೀ ಬಟ್ಟಲಿಗೆ ಹತ್ತಬೇಕಾದರೆ ತರಕಾರಿ ಒಣಗಿರಬೇಕು. ತೊಳೆದ ಸೌತೆಕಾಯಿಯನ್ನು ಬಟ್ಟೆಯಲ್ಲಿ ಒರೆಸಿ ಹೆಚ್ಚಿ. ನೀರಿದ್ದರೆ ಮೊಸರು, ಎಣ್ಣೆ ಎಲ್ಲ ಜಾರಿ ತಳ ಸೇರುತ್ತದೆ, ಮೇಲೆ ಸಪ್ಪೆ ಅನ್ನಿಸಿ ಕೈ ಮತ್ತೆ ಬಾಟಲಿ ಕಡೆ ಹೋಗುತ್ತದೆ. ಉಪ್ಪು ಮಾತ್ರ ತಿನ್ನುವ ಹೊತ್ತಿಗೆ ಹಾಕಿ, ಮುಂಚೆ ಹಾಕಿದರೆ ಸೌತೆಕಾಯಿ ನೀರು ಬಿಡುತ್ತದೆ. ಡ್ರೆಸ್ಸಿಂಗನ್ನು ಮೊದಲು ಅಗಲ ಪಾತ್ರೆಗೆ ಹಾಕಿ, ಅದರ ಮೇಲೆ ತರಕಾರಿ ಸುರಿದು ಕೈಯಲ್ಲೇ ಕಲಸಿ. ಚಮಚದಲ್ಲಿ ಅಷ್ಟು ಚೆನ್ನಾಗಿ ಕಲೆಯುವುದಿಲ್ಲ.

ಬೀಜ 8 ಗ್ರಾಂ ಸಾಕು, ತರಿತರಿ ಕುಟ್ಟಿ ಮೇಲೆ ಉದುರಿಸಿದರೆ ಪ್ರತಿ ತುತ್ತಿಗೂ ಸಿಗುತ್ತದೆ. ಹೊಟ್ಟೆ ನಿಲ್ಲುವುದಕ್ಕೆ 30 ಗ್ರಾಂ ಹೆಸರುಬೇಳೆ ನೆನೆಸಿ ಸೇರಿಸಿ, 105 ಕ್ಯಾಲೊರಿ, ಏಳು ಗ್ರಾಂ ಪ್ರೋಟೀನ್. ಹೊಸ ಬಟ್ಟಲು ಒಟ್ಟು 290 ಆಗುತ್ತದೆ. ಮೊದಲಿನದಕ್ಕಿಂತ ದಿನಕ್ಕೆ 255 ಕಡಿಮೆ. ಒಂದು ಕಿಲೋ ಕೊಬ್ಬಿಗೆ ಸುಮಾರು 7700 ಕ್ಯಾಲೊರಿ ಅಂತ ಲೆಕ್ಕ, ತಿಂಗಳಿಗೆ ಒಂದು ಕಿಲೋ ಹತ್ತಿರ ಬರುತ್ತದೆ. ದೇಹ ಲೆಕ್ಕದ ಪುಸ್ತಕದ ಹಾಗೆ ನಡೆಯುವುದಿಲ್ಲ, ಮೊದಲ ವಾರ ಏನೂ ಕಾಣದಿದ್ದರೆ ಧೈರ್ಯ ಕಳೆದುಕೊಳ್ಳಬೇಡಿ. ಹಸಿವಾದರೆ ಜೊತೆಗೆ ನಿಂಬೆಗಾತ್ರದ ಒಂದು ಮುದ್ದೆ ತಿನ್ನಿ, ನನ್ನ ಅಡ್ಡಿ ಇಲ್ಲ.

ಪ್ರಶ್ನೆ (ಆಲೂರು): ಆಲಿವ್ ಎಣ್ಣೆ ಹೃದಯಕ್ಕೆ ಒಳ್ಳೆಯದು ಅಂತಾರಲ್ಲ ಮೇಡಂ? ಅದನ್ನೂ ಅಳೆಯಬೇಕಾ?

ಉತ್ತರ: ಅಳೆಯಲೇಬೇಕು ಸರ್. ಅದರ ಕೊಬ್ಬು ಒಳ್ಳೆಯ ಜಾತಿಯದು, ನಿಜ. ಕ್ಯಾಲೊರಿ ಮಾತ್ರ ಕಡ್ಲೆಕಾಯಿ ಎಣ್ಣೆ, ಎಳ್ಳೆಣ್ಣೆಯಷ್ಟೇ. ಊಟದ ಚಮಚ ತುಂಬ ಹಾಕಿದರೆ 120. ಬಾಟಲಿ ಬಗ್ಗಿಸಿ ಹಾಕುವವರ ಕೈಯಲ್ಲಿ ಎರಡು ಚಮಚ ಬೀಳುವುದಕ್ಕೆ ಕ್ಷಣ ಸಾಕು. ಟೀ ಚಮಚವೊಂದನ್ನು ಎಣ್ಣೆ ಡಬ್ಬಿ ಪಕ್ಕದಲ್ಲೇ ಇಟ್ಟುಕೊಳ್ಳಿ. ಮನೆಯಲ್ಲಿ ಒಳ್ಳೆ ಗಾಣದ ಎಣ್ಣೆ ಇದ್ದರೆ ತೂಕ ಇಳಿಸುವ ಸಲುವಾಗಿ ದುಬಾರಿ ಆಲಿವ್ ಎಣ್ಣೆ ತರುವ ಅಗತ್ಯವೂ ಇಲ್ಲ.

ಪ್ರಶ್ನೆ (ಅರಸೀಕೆರೆ): ನಮ್ಮದು ತೆಂಗಿನ ಸೀಮೆ ಅಕ್ಕ, ಕಾಯಿ ಇಲ್ಲದ ಕೋಸಂಬರಿ ನಮ್ಮ ಮನೆಯಲ್ಲಿ ಯಾರೂ ಮುಟ್ಟಲ್ಲ. ಬಾಟಲಿ ಗೀಟಲಿ ನಮಗೆ ಗೊತ್ತಿಲ್ಲ. ಆದ್ರೂ ನಾನು ಇಳಿದಿಲ್ಲ.

ಉತ್ತರ: ಈ ಪ್ರಶ್ನೆಗೆ ಕಾಯುತ್ತಿದ್ದೆ ತಂಗಿ. ನಮ್ಮ ಜಿಲ್ಲೆಯಲ್ಲಿ ಬಾಟಲಿ ಡ್ರೆಸ್ಸಿಂಗ್ ಹಾಕುವವರಿಗಿಂತ ಕಾಯಿತುರಿ ಹಾಕುವವರೇ ಜಾಸ್ತಿ. ಹಸಿ ಕಾಯಿತುರಿ 100 ಗ್ರಾಂಗೆ 350 ಕ್ಯಾಲೊರಿ, ಅದರಲ್ಲಿ ಮೂರನೇ ಒಂದು ಭಾಗ ಕೊಬ್ಬು, ಅದೂ ಬಹುಪಾಲು ಸ್ಯಾಚುರೇಟೆಡ್, ಅಂದರೆ ಮಿತಿಯಲ್ಲಿಡಬೇಕಾದ ಜಾತಿಯ ಕೊಬ್ಬು. ನಾಲ್ಕು ಜನರ ಕೋಸಂಬರಿಗೆ ಒಂದು ಹೋಳು ಪೂರ್ತಿ ತುರಿದರೆ ಏನಾಗುತ್ತದೆ ಅಂತ ನೀವೇ ಲೆಕ್ಕ ಹಾಕಿ. ಆದರೆ ಕಾಯಿಯನ್ನು ಶತ್ರು ಮಾಡಿಕೊಳ್ಳಬೇಡಿ. ಒಬ್ಬರಿಗೆ ಒಂದು ಊಟದ ಚಮಚ ತುರಿ, ಐದು ಗ್ರಾಂ, ಅಂದರೆ 18 ಕ್ಯಾಲೊರಿ. ಅದನ್ನು ಬೇಳೆ ಜೊತೆ ಕಲಸಿಬಿಟ್ಟರೆ ಎಲ್ಲಿ ಹೋಯಿತೋ ಕಾಣುವುದಿಲ್ಲ, ಕೊನೆಯಲ್ಲಿ ಮೇಲೆ ಉದುರಿಸಿ. ನಾಲಗೆಗೆ ಮೊದಲು ಕಾಯಿಯೇ ಸಿಗುತ್ತದೆ, ಮನೆಯವರೂ ಗೊಣಗುವುದಿಲ್ಲ. ಒಗ್ಗರಣೆ ಹಾಕಿದ ದಿನ ಕಾಯಿ ಕಡಿಮೆ, ಕಾಯಿ ಹಾಕಿದ ದಿನ ಒಗ್ಗರಣೆ ಬಿಟ್ಟು ಬರೀ ನಿಂಬೆ ರಸ. ಹುಚ್ಚೆಳ್ಳು ಪುಡಿ ಇದ್ದರೆ ಅರ್ಧ ಟೀ ಚಮಚ ಸಾಕು, ಎರಡು ಚಮಚ ಕಾಯಿಯ ರುಚಿ ಅದೊಂದೇ ಕೊಡುತ್ತದೆ.

ಪ್ರಶ್ನೆ (ಚಿಕ್ಕಮಗಳೂರು, ಪಿ.ಜಿ.ಯಲ್ಲಿರುವ ವಿದ್ಯಾರ್ಥಿನಿ): ಮೇಡಂ, ಮೊಟ್ಟೆ ಇಲ್ಲದ ಮೇಯನೇಸ್ ಆದ್ರೆ ಪರವಾಗಿಲ್ವಾ? ಲೋ ಫ್ಯಾಟ್ ಅಂತ ಬರೆದಿರೋದು ತಗೊಳ್ಳಲಾ? ಜೇನುತುಪ್ಪ ನಿಂಬೆ ಡ್ರೆಸ್ಸಿಂಗ್ ಹೇಗೆ?

ಉತ್ತರ: ಮೇಯನೇಸಿನಲ್ಲಿ ಕ್ಯಾಲೊರಿ ತರುವುದು ಎಣ್ಣೆ ಪುಟ್ಟಿ, ಮೊಟ್ಟೆ ಇಲ್ಲದಿದ್ದರೂ ಎಣ್ಣೆ ಇದ್ದೇ ಇರುತ್ತದೆ. ಮಾಮೂಲಿ ಮೇಯನೇಸ್ ಊಟದ ಚಮಚಕ್ಕೆ 90ರಿಂದ 100. ತೀರ ಆಸೆಯಾದರೆ ಮೂರು ಚಮಚ ಗಟ್ಟಿ ಮೊಸರಿಗೆ ಒಂದು ಟೀ ಚಮಚ ಮೇಯನೇಸ್ ಬೆರೆಸು, ರುಚಿ ಬಂದೇ ಬರುತ್ತದೆ. ಲೋ ಫ್ಯಾಟ್ ಅಂತ ಮುಂದೆ ಬರೆದದ್ದನ್ನು ನಂಬಿ ತರಬೇಡ, ಹಿಂದೆ ತಿರುಗಿಸಿ ಓದು. ಪದಾರ್ಥಗಳನ್ನು ಜಾಸ್ತಿ ಇರುವುದರಿಂದ ಕಡಿಮೆ ಇರುವುದರ ಕಡೆಗೆ ಬರೆದಿರುತ್ತಾರೆ. ಮೊದಲ ಮೂರರಲ್ಲಿ ಸಕ್ಕರೆ ಇದ್ದರೆ ಅಲ್ಲೇ ಇಟ್ಟು ಬಾ. ಜೇನುತುಪ್ಪವೂ ಸಕ್ಕರೆಯೇ, ಊಟದ ಚಮಚಕ್ಕೆ 60ಕ್ಕಿಂತ ಹೆಚ್ಚು. ಸಿಹಿ ಬೇಕಾದರೆ ಸಲಾಡಿಗೆ ನಾಲ್ಕು ದಾಳಿಂಬೆ ಕಾಳು ಹಾಕಿಕೊ.

ಪ್ರಶ್ನೆ (ಬೇಲೂರು): ನಮ್ಮ ತಂದೆಗೆ 66 ವರ್ಷ, ಸಕ್ಕರೆ ಕಾಯಿಲೆ, ಬಿ.ಪಿ. ಎರಡೂ ಇವೆ. ಮಾತ್ರೆ ತಗೋತಾರೆ. ಇದನ್ನು ಓದಿ ನಾಳೆಯಿಂದ ರಾತ್ರಿ ಅವರಿಗೂ ಬರೀ ಸಲಾಡ್ ಕೊಡೋಣ ಅಂತಿದ್ದೇವೆ.

ಉತ್ತರ: ದಯವಿಟ್ಟು ನಾಳೆಯಿಂದಲೇ ಶುರು ಮಾಡಬೇಡಿ. ಕೆಲವು ಸಕ್ಕರೆ ಮಾತ್ರೆಗಳು, ಮುಖ್ಯವಾಗಿ ಗ್ಲಿಮೆಪಿರೈಡ್ ಥರದವು, ಊಟ ಕಡಿಮೆಯಾದರೂ ತಮ್ಮ ಕೆಲಸ ಮಾಡುತ್ತಲೇ ಇರುತ್ತವೆ. ಇನ್ಸುಲಿನ್ನೂ ಹಾಗೇ. ರಾತ್ರಿ ಮುದ್ದೆ, ಅನ್ನ, ಚಪಾತಿ ಯಾವುದೂ ಇಲ್ಲದೆ ಮಲಗಿದರೆ ನಡುರಾತ್ರಿ ಸಕ್ಕರೆ ತೀರ ಇಳಿದು ಬೆವರು, ನಡುಕ, ಗೊಂದಲ ಬರಬಹುದು. ವಯಸ್ಸಾದವರಲ್ಲಿ ಇದು ಅಪಾಯದ ಮಾತು. ಮಾತ್ರೆ ಚೀಟಿ ಹಿಡಿದು ವೈದ್ಯರ ಹತ್ತಿರ ಹೋಗಿ, ಊಟ ಬದಲಿಸುತ್ತಿದ್ದೇವೆ ಅಂತ ಹೇಳಿ, ಅವರು ಒಪ್ಪಿದ ಮೇಲೆ ಮಾಡಿ. ಅಲ್ಲಿಯವರೆಗೆ ಮಾಮೂಲಿ ಊಟದ ಜೊತೆ ಒಂದು ಸಣ್ಣ ಬಟ್ಟಲು ಕೋಸಂಬರಿ ಕೊಡಿ. ಬಿ.ಪಿ. ಇರುವುದರಿಂದ ಉಪ್ಪಿನ ಮೇಲೂ ಕಣ್ಣಿರಲಿ, ದಿನಕ್ಕೆ ಎಲ್ಲ ಸೇರಿ 5 ಗ್ರಾಂ. ಚಾಟ್ ಮಸಾಲೆ, ಉಪ್ಪಿನಕಾಯಿ ರಸ, ಸೋಯಾ ಸಾಸ್ ಯಾವುದನ್ನೂ ಅವರ ಸಲಾಡಿಗೆ ಹಾಕಬೇಡಿ, ನಿಂಬೆ ಹುಳಿ ಮುಂದಿದ್ದರೆ ಉಪ್ಪು ಕಡಿಮೆಯಾದದ್ದು ಗೊತ್ತಾಗುವುದಿಲ್ಲ. ಕಿಡ್ನಿ ತೊಂದರೆಯೂ ಇದ್ದರೆ ಹಸಿ ತರಕಾರಿ ಎಷ್ಟು ಅಂತಲೂ ವೈದ್ಯರೇ ಹೇಳಬೇಕು.

ಮೊದಲು ಪ್ರಶ್ನೆ ಕೇಳಿದವರು, ಐದು ವಾರದ ನಂತರ: ಮೇಡಂ, ಇವತ್ತು ಬೆಳಿಗ್ಗೆ 69.9. ಎರಡನೇ ವಾರದವರೆಗೆ ಏನೂ ಇಳಿಯಲಿಲ್ಲ, ನೀವು ಮುಂಚೆಯೇ ಹೇಳಿದ್ದಕ್ಕೆ ಬಿಡಲಿಲ್ಲ. ವಾರಕ್ಕೆ ಮೂರು ದಿನ ಚಿಕ್ಕ ಮುದ್ದೆ ತಿನ್ನುತ್ತಿದ್ದೇನೆ, ರಾತ್ರಿ ಹತ್ತಕ್ಕೆ ಬಿಸ್ಕೆಟ್ ಡಬ್ಬಿ ತೆಗೆಯುವ ಅಭ್ಯಾಸ ತಾನಾಗೇ ನಿಂತಿದೆ. ಬಾಟಲಿ ಫ್ರಿಜ್ಜಿನಲ್ಲಿದೆ, ಮಗಳು ಬಂದಾಗ ಮಾತ್ರ, 15 ಗ್ರಾಂ ತೂಗಿ. ಒಂದೇ ಕೇಳುವುದಿತ್ತು. ಸಕಲೇಶಪುರದ ಅತ್ತಿಗೆ ಹೇರಳೆಕಾಯಿ ಕಳಿಸಿದ್ದಾರೆ. ನಿಂಬೆ ಬದಲು ಅದರ ರಸ ಹಿಂಡಬಹುದಾ?

ಉತ್ತರ: ಒಂದು ಕಿಲೋ ನೂರು ಗ್ರಾಂ! ಓದಿ ಮನಸ್ಸು ತುಂಬಿ ಬಂತು ಅಮ್ಮ. ಹೇರಳೆಕಾಯಿ ಧಾರಾಳವಾಗಿ ಹಿಂಡಿ. ಬೀಜ ತೆಗೆದುಬಿಡಿ, ಸಿಪ್ಪೆಯನ್ನು ತುಂಬ ಒತ್ತಬೇಡಿ, ಕಹಿ ಇಳಿಯುತ್ತದೆ. ಮೊಸರಿಗೆ ಬೆರೆಸುವ ಮುಂಚೆ ಸ್ವಲ್ಪ ನಾಲಗೆಗೆ ಹಚ್ಚಿ ನೋಡಿ, ಕೆಲವು ಕಾಯಿ ಬಲು ಹುಳಿ ಇರುತ್ತವೆ.