ಎರಡನೇ ಪಾಪು ಬರೋ ಮುಂಚೆ ದೊಡ್ಡವನಿಗೆ ಏನೇನು ಮಾಡಿಡಬೇಕು

ಸ್ವಾತಿ, ಮನೆಯವರ ಗ್ರೂಪಲ್ಲಿ ನಿನ್ನ ಮೆಸೇಜ್ ಓದಿದೆ ಕಣೆ. ಪುಟ್ಟನಿಗೆ ಎರಡು ವರ್ಷ ಮೂರು ತಿಂಗಳು, ಹೆರಿಗೆಗೆ ಇನ್ನು 10 ವಾರ, ನಿನ್ನ ಪಕ್ಕ ಬಿಟ್ಟು ಬೇರೆಲ್ಲೂ ಮಲಗಲ್ಲ, ಪಾಪು ಬಂದ್ಮೇಲೆ ಹೊಡೆದ್ರೆ ಏನು ಗತಿ ಅಂತ ಕೇಳಿದೀಯ. ಉದ್ದ ಆಗುತ್ತೆ, ಏನಾದ್ರೂ ಕೆಲಸ ಮಾಡ್ಕೊಂಡೇ ಕೇಳು. ದೊಡ್ಡಮ್ಮ, ಹೆರಿಗೆ ಹೊತ್ತಿಗೆ ಅವನನ್ನ ಎರಡು ತಿಂಗಳು ನಿಮ್ಮನೇಲಿ ಬಿಡಿ ಅಂದ್ರಲ್ಲ, ಆ ಮಾತಿಗೂ ಬರ್ತೀನಿ.

ಮೊದಲು ಒಂದು ವಿಷಯ. ಎಲ್ಲರೂ ಇದನ್ನ ಹೊಟ್ಟೆಕಿಚ್ಚು ಅಂತಾರೆ. ಎರಡು ವರ್ಷದ ಮಗುವಿನ ಲೆಕ್ಕ ಅಷ್ಟು ದೊಡ್ಡದಲ್ಲ. ಪಾಪು ಬಂದ ದಿನ ನನ್ನ ಹಾಸಿಗೆ ಹೋಯ್ತು, ಅಮ್ಮನ ತೊಡೆ ಹೋಯ್ತು, ಎತ್ಕೊಳ್ಳೋದು ನಿಂತೋಯ್ತು, ಅಷ್ಟೇ ಅವನಿಗೆ ಕಾಣೋದು. ಹಾಗಾಗಿ ಬದಲಾಗಬೇಕಾದ್ದೆಲ್ಲ ಒಂದೋ ಈಗಲೇ ಬದಲಾಗಲಿ, ಇಲ್ಲ ಪಾಪುಗೆ ಎರಡು ಮೂರು ತಿಂಗಳು ಆದ್ಮೇಲೆ ಆಗಲಿ. ಹೆರಿಗೆಯ ಹಿಂದೆ ಮುಂದೆ ಮೂರು ನಾಲ್ಕು ವಾರ ಮಾತ್ರ ಹೊಸದು ಏನೂ ಬೇಡ.

ಹಾಸಿಗೆ ವಿಷಯ ಈ ವಾರವೇ ಶುರು ಮಾಡಿ. ಬೇರೆ ರೂಮಿಗೆ ಕಳಿಸೋ ಸಾಹಸ ಬೇಡ, ಅದೇ ರೂಮಲ್ಲಿ ಅವನ ಹಾಸಿಗೆ ಬೇರೆ ಆದ್ರೆ ಸಾಕು. ಮಲಗಿಸೋ ಕೆಲಸ ಅವರಪ್ಪನದು ಆಗಬೇಕು. ಮೊದಲ ಮೂರ್ನಾಲ್ಕು ರಾತ್ರಿ ನೀನು ರೂಮಲ್ಲೇ ಇರು, ಆದ್ರೆ ಕಥೆ ಹೇಳೋದು, ತಟ್ಟೋದು ಅವರಪ್ಪನೇ. ಆಮೇಲೆ ನೀನು ಬಾಗಿಲ ಹತ್ರ, ಆಮೇಲೆ ಹೊರಗೆ. ಪುಟ್ಟ ರಾತ್ರಿ ಎದ್ದು ಅತ್ತಾಗಲೂ ಅಪ್ಪನೇ ಹೋಗಲಿ. ಒಂದು ವಾರ ಗಲಾಟೆ ಇರುತ್ತೆ, ಇರಲಿ. ಹೊಸ ಪಾಪು 24 ಗಂಟೆಗೆ 8ರಿಂದ 12 ಸಲ ಹಾಲು ಕುಡಿಯುತ್ತೆ ಕಣೆ. ಅದರಲ್ಲಿ ಒಂದು ಸಲ ಪುಟ್ಟ ಮಲಗೋ ಹೊತ್ತಿಗೇ ಬೀಳೋದು ಗ್ಯಾರಂಟಿ. ಅವತ್ತು ಮೊದಲನೇ ಸಲ ಅಪ್ಪ ಮಲಗಿಸೋಕೆ ಹೋದ್ರೆ ಮಲಗ್ತಾನಾ? ಸ್ನಾನ, ಊಟ ಮಾಡಿಸೋದು ಇವನ್ನೂ ಅರ್ಧಕ್ಕರ್ಧ ಈಗಲೇ ಅಪ್ಪನ ಕೈಗೆ ಹೋಗಲಿ.

ಡೈಪರ್ ಬಿಡಿಸೋದು ಇನ್ನೂ ಶುರು ಮಾಡಿಲ್ಲ ಅಂದ್ರೆ ಈಗ ಮಾಡ್ಬೇಡ. ಬಿಟ್ಟಿದ್ರೂ ಪಾಪು ಬಂದ್ಮೇಲೆ ಮತ್ತೆ ಚಡ್ಡಿ ಒದ್ದೆ ಆಗಬಹುದು, ಬಾಟಲ್ ಕೇಳಬಹುದು, ಪಾಪು ಥರ ಮಾತಾಡಬಹುದು. ಬೈಯ್ಯದೆ ಬಟ್ಟೆ ಬದಲಾಯಿಸಿ ಸುಮ್ನಿರು, ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತಾನಾಗೇ ಸರಿಹೋಗುತ್ತೆ. ಬಾಟಲ್ ಕೇಳಿದ್ರೆ ಒಂದು ಸಲ ಕೊಟ್ಟುಬಿಡು, ಜಗ್ಗಾಡಿದ್ರೇನೇ ಅದು ಬೆಳೆಯೋದು.

ಪಾಪು ಬರೋ ವಿಷಯ ಅವನಿಗೆ ಹೇಳೋದು ಯಾವಾಗ ಅಂದ್ಯಲ್ಲ, 10 ವಾರ ಅನ್ನೋದು ಅವನಿಗೆ ಅರ್ಥ ಆಗಲ್ಲ. ಆದ್ರೆ ಮನೆಯವರೆಲ್ಲ ಅವನ ಮುಂದೇನೇ ಮಾತಾಡ್ತಿದೀರ, ಹಾಗಾಗಿ ಹೇಳೇಬಿಡಿ. ಆಡೋಕೆ ತಮ್ಮ ಬರ್ತಾನೆ ಅನ್ನಬೇಡಿ. ಗಂಡೋ ಹೆಣ್ಣೋ ಗೊತ್ತಿಲ್ಲ, ಮೇಲಾಗಿ ಬರೋ ಪಾಪು ಆಡೋದೂ ಇಲ್ಲ. ಪಾಪು ತುಂಬಾ ಮಲಗುತ್ತೆ, ತುಂಬಾ ಅಳುತ್ತೆ, ಹಾಲು ಕುಡಿಯುತ್ತೆ, ಆಡೋಕೆ ಬರಲ್ಲ ಅಂತ ಇದ್ದಿದ್ದನ್ನ ಹೇಳಿ. ಇನ್ನು ಈ ಗ್ರೂಪಿನಲ್ಲಿರೋ ಎಲ್ಲರಿಗೂ ಒಂದು ಮಾತು, ದಯವಿಟ್ಟು ಬೇಜಾರು ಮಾಡ್ಕೋಬೇಡಿ: "ಇನ್ಮೇಲೆ ಅಮ್ಮ ನಿಂಗಿಲ್ಲ ಕಣೋ, ಪಾಪುಗೆ" ಅಂತ ರೇಗಿಸೋದು ನಿಲ್ಲಿಸಿ. ನಮಗೆ ಅದು ತಮಾಷೆ, ಅವನು ಅದನ್ನ ನಂಬ್ತಾನೆ.

ಆಸ್ಪತ್ರೆಗೆ ಹೋದಾಗ ಅವನ ಜೊತೆ ಯಾರು ಇರ್ತಾರೋ ಅವರ ಜೊತೆ ಈಗಲೇ ಎರಡು ಮೂರು ರಾತ್ರಿ ಮಲಗಿಸಿ ನೋಡಿ. ಅವನು ನಿದ್ದೆಯಲ್ಲಿದ್ದಾಗ ನೀನು ಹೊರಡೋ ಹಾಗಾಗಬಹುದು, ಅದಕ್ಕೇ ಎದ್ದಾಗ ಅಮ್ಮ ಇರದೇ ಇರಬಹುದು, ಇಂಥವರು ಇರ್ತಾರೆ ಅಂತ ಮುಂಚೇನೇ ಎರಡು ಮೂರು ಸಲ ಹೇಳಿಡು. ನೋಡೋಕೆ ಕರ್ಕೊಂಡು ಬಂದಾಗ ಪಾಪು ತೊಟ್ಟಿಲಲ್ಲಿರಲಿ, ನಿನ್ನ ಕೈ ಖಾಲಿ ಇರಲಿ. ಮೊದಲು ಅವನನ್ನ ಪಕ್ಕ ಕೂರಿಸ್ಕೊ, ಪಾಪು ಎಲ್ಲಿ ಅಂತ ಅವನೇ ಕೇಳಲಿ. ಕೇಳಲಿಲ್ಲ ಅಂದ್ರೂ ಪರವಾಗಿಲ್ಲ, ಅವತ್ತೇ ಮುತ್ತು ಕೊಡಿಸಿ ಫೋಟೋ ತೆಗೀಲೇಬೇಕು ಅಂತೇನಿಲ್ಲ. ಅರ್ಧ ಗಂಟೆಯೊಳಗೆ ಮನೆಗೆ ಕರ್ಕೊಂಡು ಹೋಗಲಿ, ಸುಸ್ತಾಗಿ ರಂಪ ಶುರು ಮಾಡೋಕೆ ಮುಂಚೆ.

ಸಿಸೇರಿಯನ್ ಆದ್ರೆ ಸುಮಾರು 6 ವಾರ ಪಾಪುಗಿಂತ ಭಾರ ಎತ್ತಬೇಡಿ ಅಂತಾನೇ ಹೇಳೋದು. ಪುಟ್ಟ ಹನ್ನೆರಡು ಕೆಜಿ ಆದ್ರೂ ಇದಾನೆ. ಹಾಗಾಗಿ ಎತ್ಕೋ ಅಂದಾಗ ನೀನು ಕೆಳಗೆ ಕೂತು ಅಪ್ಪಿಕೊಳ್ಳೋದು, ಅವನೇ ಸೋಫಾ ಹತ್ತಿ ಪಕ್ಕಕ್ಕೆ ಬರೋದು, ಇದನ್ನ ಈಗಿಂದಲೇ ರೂಢಿ ಮಾಡಿಸು. ಹೊಟ್ಟೆ ಮೇಲೆ ಹತ್ತದೆ ಪಕ್ಕದಲ್ಲಿ ಬರೋದು ಹೇಗೆ ಅನ್ನೋದನ್ನೂ.

ನಿಜವಾದ ಕಷ್ಟ ಹಾಲು ಕುಡಿಸೋ ಹೊತ್ತಲ್ಲಿ. ನೀನು ಅರ್ಧ ಗಂಟೆ ಎದ್ದೇಳೋ ಹಾಗಿಲ್ಲ ಅಂತ ಅವನಿಗೆ ಎರಡೇ ದಿನದಲ್ಲಿ ಗೊತ್ತಾಗುತ್ತೆ, ನೀರು ಚೆಲ್ಲೋದು, ಕಪಾಟು ತೆಗೆಯೋದು ಎಲ್ಲ ಆವಾಗಲೇ. ಅದಕ್ಕೆ ಜಾಗ ಮೊದಲು. ಯಾವ ರೂಮಲ್ಲಿ ಕೂರ್ತೀಯೋ ಅಲ್ಲಿ ಅವನು ಏನು ಮುಟ್ಟಿದ್ರೂ ನೀನು ಎದ್ದು ಓಡೋ ಹಾಗಿರಬಾರದು, ಬಾಗಿಲು ಹಾಕಿರಬೇಕು. ಕುರ್ಚಿಗಿಂತ ನೆಲದ ಹಾಸಿಗೆ ವಾಸಿ, ಗೋಡೆಗೆ ಒರಗಿ ಕೂತ್ರೆ ಇನ್ನೊಂದು ಪಕ್ಕ ಅವನಿಗೂ ಜಾಗ ಸಿಗುತ್ತೆ. ಕೂರೋ ಮುಂಚೆ ಅವನ ಸೂಸು, ಅವನ ನೀರು, ಅವನ ತಿಂಡಿ ಮುಗಿದಿರಲಿ. ಪಾಪು ಕಿರುಚೋವರೆಗೂ ಕಾಯಬೇಡ. ಬಾಯಿ ಆಡಿಸೋಕೆ, ಕೈ ಬಾಯಿಗೆ ಹಾಕೋಕೆ ಶುರು ಮಾಡ್ತಿದ್ದಂಗೆ ಮೂರು ನಿಮಿಷ ಪುಟ್ಟನ ಜೊತೆ ಕೂತು ಅವನ ಆಟ ಹಚ್ಚಿಕೊಟ್ಟು ಆಮೇಲೆ ಎತ್ಕೊ.

ಒಂದು ಡಬ್ಬ ಮಾಡು, ಹಾಲು ಕುಡಿಸೋವಾಗ ಮಾತ್ರ ತೆಗೆಯೋ ಡಬ್ಬ. ನಾಲ್ಕೈದು ಸಾಮಾನು ಸಾಕು: ದಪ್ಪ ಹಾಳೆಯ ಚಿತ್ರದ ಪುಸ್ತಕ, ದೊಡ್ಡ ಬ್ಲಾಕ್ಸ್, ಸ್ಟಿಕ್ಕರ್ ಪುಸ್ತಕ, ಒಂದು ಬೊಂಬೆ. ಕುಡಿಸಿ ಮುಗಿದ ಕೂಡಲೇ ಮೇಲಿಡಬೇಕು. ದಿನವಿಡೀ ಹೊರಗಿದ್ರೆ ನಾಲ್ಕನೇ ದಿನಕ್ಕೆ ಅದರ ಕಡೆ ತಿರುಗಿಯೂ ನೋಡಲ್ಲ. ಮೂರ್ನಾಲ್ಕು ದಿನಕ್ಕೊಮ್ಮೆ ಎರಡು ಬದಲಾಯಿಸು. ಮುಚ್ಚಳ ತೆಗೆಯೋಕೆ, ಜೋಡಿಸೋಕೆ ನಿನ್ನ ಕೈ ಬೇಕಾಗೋದು ಯಾವುದೂ ಬೇಡ, ನಿಂಗಿರೋದು ಒಂದೇ ಕೈ. ಟಾಯ್ಲೆಟ್ ಪೇಪರ್ ರೋಲಿನ ಒಳಗೆ ತೂರೋವಷ್ಟು ಚಿಕ್ಕದು ಯಾವುದೂ ಇರಬಾರದು. ಬಟನ್ ಸೆಲ್ ಇರೋ ಆಟಿಕೆ, ಸಣ್ಣ ಮ್ಯಾಗ್ನೆಟ್ ಮನೇಲೇ ಬೇಡ. ಅವನು ನುಂಗೋದು ಒಂದು ಅಪಾಯ, ಪಾಪು ಬಾಯಿಗೆ ಅವನೇ ಪ್ರೀತಿಯಿಂದ ಇಡೋದು ಇನ್ನೊಂದು.

ಮಾತಿನ ವಿಷಯ. "ಪಾಪು ಮಲಗಿದೆ ಸದ್ದು ಮಾಡ್ಬೇಡ, ಪಾಪು ಕುಡೀತಿದೆ ಬರಕ್ಕಾಗಲ್ಲ" ಅಂತ ದಿನಕ್ಕೆ ಎಷ್ಟು ಸಲ ಹೇಳ್ತೀವೋ ಅಷ್ಟು ಸಲ ಎಲ್ಲದಕ್ಕೂ ಪಾಪುನೇ ಕಾರಣ ಅಂತ ಕಲಿಸ್ತೀವಿ. "ನನ್ನ ಕೈ ಖಾಲಿ ಇಲ್ಲ, ಇದು ಮುಗಿಸಿ ಬರ್ತೀನಿ" ಅನ್ನು, ಮುಗಿದ ಮೇಲೆ ಹೋಗು, ಅವನು ಮರೆತಿದ್ರೂ ಹೋಗು. ಪಾಪುಗೂ ಅವನಿಗೆ ಕೇಳೋ ಹಾಗೆ ಹೇಳು: "ಇರು ಪಾಪು, ಅಣ್ಣಂಗೆ ಚಪ್ಪಲಿ ಹಾಕ್ತಿದೀನಿ, ಆಮೇಲೆ ನಿನ್ನ ಸರದಿ." ಪಾಪುಗೆ ಏನೂ ತಿಳಿಯಲ್ಲ, ಅವನಿಗೆ ತಿಳಿಯುತ್ತೆ.

ಇನ್ನು ಹೊಡೆಯೋದು. ಹೊಡೀತಾನೆ, ಅದಕ್ಕೆ ತಯಾರಾಗಿರು. ಈ ವಯಸ್ಸಲ್ಲಿ ಕೈ ತಡೆಯೋ ಶಕ್ತಿ ಬಂದಿರಲ್ಲ, ಜೊತೆಗೆ ಒಂದು ಸಲ ಚಿವುಟಿದ್ರೆ ಇಡೀ ಮನೆ ಓಡಿ ಬರುತ್ತೆ ಅನ್ನೋದು ಅವನಿಗೆ ದೊಡ್ಡ ಆವಿಷ್ಕಾರ. ಮೊದಲ ನಿಯಮ, ಇಬ್ಬರನ್ನೇ ಒಂದು ರೂಮಲ್ಲಿ ಬಿಡಬಾರದು, ಬಾಗಿಲು ತೆಗೆದು ಬರೋ ಅರ್ಧ ನಿಮಿಷಕ್ಕೂ. ಇಬ್ಬರಲ್ಲಿ ಒಬ್ಬರನ್ನ ಜೊತೆಗೆ ಕರ್ಕೊಂಡು ಹೋಗು. ಪಾಪು ಹತ್ರ ಅವನಿದ್ದಾಗ ನಿನ್ನ ಕೈಗೆ ಎಟುಕೋ ದೂರದಲ್ಲಿ ಇರು. ಕೈ ಎತ್ತಿದ್ರೆ ದೂರದಿಂದ ಕೂಗಬೇಡ, ಹೋಗಿ ಕೈ ಹಿಡಿ, "ಹೊಡೆಯೋಕೆ ಬಿಡಲ್ಲ" ಅಂತ ಮೆತ್ತಗೆ ಒಂದೇ ಮಾತು ಹೇಳಿ ಪಾಪುನ ಆ ಕಡೆ ತಗೊ. ಯಾಕೆ ಹೊಡೆದೆ ಅಂತ ಕೇಳಿದ್ರೆ ಅವನ ಹತ್ರ ಉತ್ತರ ಇಲ್ಲ. ಸಾರಿ ಹೇಳಿಸೋದರಿಂದಲೂ ಏನೂ ಆಗಲ್ಲ. ನೀನು ತಿರುಗಿ ಒಂದು ಏಟು ಕೊಟ್ರೆ ದೊಡ್ಡವರು ಚಿಕ್ಕವರಿಗೆ ಹೊಡೀಬಹುದು ಅಂತ ಕಲೀತಾನೆ. ಎರಡು ನಿಮಿಷ ಬಿಟ್ಟು ಅವನ ಬೆರಳು ಹಿಡಿದು ಪಾಪು ಪಾದದ ಮೇಲೆ ಸವರಿಸಿ ತೋರಿಸು. ಮುಟ್ಟೋದಿದ್ರೆ ಪಾದ, ಅಷ್ಟೇ, ಕಣ್ಣು ಮೂಗು ನೆತ್ತಿ ಬೇಡ. ಇದನ್ನ ಬೊಂಬೆ ಮೇಲೆ ಈಗಲೇ ಕಲಿಸಬಹುದು.

ಪಾಪುನ ನನ್ನ ತೊಡೆ ಮೇಲೆ ಮಲಗಿಸ್ಕೊಡು ಅಂತಾನೆ, ಕೊಡು. ಸೋಫಾದಲ್ಲಿ ಬೆನ್ನು ಒರಗಿಸಿ ಹಿಂದಕ್ಕೆ ಕೂರಿಸಿ, ಮೊಣಕೈ ಕೆಳಗೆ ದಿಂಬು ಇಟ್ಟು, ಪಾಪು ತಲೆ ಕೆಳಗೆ ಕೊನೆವರೆಗೂ ನಿನ್ನ ಕೈ. ಕೈಗೆ ಬಲ ಸಾಲದೆ ಬೀಳಿಸ್ತಾನೆ ಅನ್ನೋ ಭಯ ನಿಂಗೆ. ಆದ್ರೆ ಸಾಮಾನ್ಯವಾಗಿ ಆಗೋದು ಬೇರೆ: 20 ಸೆಕೆಂಡಿಗೆ ಬೇಜಾರಾಗಿ, ತೊಡೆ ಮೇಲೆ ಪಾಪು ಇದೆ ಅನ್ನೋದೂ ಮರೆತು, ಎದ್ದು ನಿಂತುಬಿಡ್ತಾನೆ. ಅದಕ್ಕೇ ಆ ಕೈ ತೆಗೀಬಾರದು ಅಂದಿದ್ದು.

ಮಲಗಿಸೋವಾಗ ಪಾಪು ಅಂಗಾತ, ಬೇರೆ ಗಟ್ಟಿ ಸಮತಟ್ಟು ಹಾಸಿಗೆ, ದಿಂಬು ಹೊದಿಕೆ ಬೊಂಬೆ ಏನೂ ಇಲ್ಲದೆ. ಪುಟ್ಟ ಅದೇ ಹಾಸಿಗೆಯಲ್ಲಿ ಮಲಗಬಾರದು, ನಿದ್ದೆಯಲ್ಲಿ ಹೊರಳಿದ್ರೆ ಅವನಿಗೆ ಗೊತ್ತೇ ಆಗಲ್ಲ. ತನ್ನ ಹೊದಿಕೆ ತಂದು ಪಾಪು ಮುಖದವರೆಗೂ ಹೊದಿಸ್ತಾನೆ, ತೊಟ್ಟಿಲ ಅಂಚಿಗೆ ನೇತಾಡ್ತಾನೆ. ತುಂಟತನ ಅಲ್ಲ, ನಿನ್ನನ್ನ ನೋಡಿ ಮಾಡೋದು. ಪ್ರತಿ ಸಲ ತೊಟ್ಟಿಲೊಳಗೆ ಇಣುಕಿ ನೋಡೋದು ರೂಢಿ ಆಗಬೇಕು.

ನೆಗಡಿ ಕೆಮ್ಮು ಅವನಿಂದಲೇ ಬರೋದು. ಹೊರಗಿಂದ ಬಂದ ಕೂಡಲೇ 20 ಸೆಕೆಂಡ್ ಸೋಪು ಹಾಕಿ ಕೈ ತೊಳೆಸಿ, ಮುತ್ತು ಪಾದಕ್ಕೆ, ಮುಖಕ್ಕಲ್ಲ. ಅವನ ಲಸಿಕೆ ಯಾವುದಾದ್ರೂ ಬಾಕಿ ಇದ್ರೆ ಮುಗಿಸಿ. ನಿನಗೀಗ 30 ವಾರ ಅಲ್ವಾ, ನಾಯಿಕೆಮ್ಮಿಗೆ ಕೊಡೋ ಟಿಡ್ಯಾಪ್ ಲಸಿಕೆಗೆ 27ರಿಂದ 36 ವಾರದ ಅವಧಿ ಸರಿಯಾದ್ದು, ನಿನ್ನ ರಕ್ಷಣೆ ಹೊಟ್ಟೆಯಲ್ಲಿರೋ ಪಾಪುಗೂ ಹೋಗುತ್ತೆ. ಮುಂದಿನ ಚೆಕಪ್‌ನಲ್ಲಿ ಡಾಕ್ಟರ್ ಹತ್ರ ಕೇಳು, ಮುಂದಕ್ಕೆ ಹಾಕಬೇಡ. ಮೂರು ತಿಂಗಳೊಳಗಿನ ಪಾಪುಗೆ 38 ಡಿಗ್ರಿ ಸೆಲ್ಸಿಯಸ್, ಅಂದ್ರೆ 100.4 ಫ್ಯಾರನ್‌ಹೀಟ್ ಜ್ವರ ಬಂದ್ರೆ ಮನೇಲಿ ಔಷಧಿ ಹಾಕಿ ಕಾಯೋದು ಬೇಡ, ಆಗಲೇ ಡಾಕ್ಟರ್ ಹತ್ರ ಹೋಗಬೇಕು.

ದೊಡ್ಡಮ್ಮ, ಈಗ ನಿಮ್ಮ ಮಾತು. ನೀವು ಪ್ರೀತಿಯಿಂದಲೇ ಹೇಳಿದ್ದು, ಸ್ವಾತಿಗೆ ವಿಶ್ರಾಂತಿ ಸಿಗಲಿ ಅಂತ. ಆದ್ರೆ ಎರಡು ತಿಂಗಳು ಬಿಟ್ಟು ಬಂದು ನೋಡಿದ್ರೆ ಅವನ ಜಾಗದಲ್ಲಿ ಇನ್ನೊಬ್ಬರು ಮಲಗಿರ್ತಾರೆ. ಅವನ ಲೆಕ್ಕದಲ್ಲಿ ತನ್ನನ್ನ ಕಳಿಸಿದ್ದೇ ಅದಕ್ಕೆ. ಅದರ ಬದಲು ನೀವೇ ಇಲ್ಲಿಗೆ ಬನ್ನಿ. ಹಗಲಲ್ಲಿ ಎರಡು ಮೂರು ಗಂಟೆ ಅವನನ್ನ ಹೊರಗೆ ಆಡಿಸ್ಕೊಂಡು ಬಂದ್ರೆ ಸಾಕು, ರಾತ್ರಿ ಅವನ ಹಾಸಿಗೆಯಲ್ಲೇ ಮಲಗಲಿ. ಅದಕ್ಕಿಂತ ದೊಡ್ಡ ಉಪಕಾರ ಅಂದ್ರೆ, ದಿನಾ ಒಂದು ಹೊತ್ತು ಪಾಪುನ ನೀವು ಎತ್ಕೊಂಡು ಸ್ವಾತಿನ ಪುಟ್ಟನಿಗೆ ಬಿಟ್ಟುಕೊಡಿ. 15 ನಿಮಿಷ, ಸಾಧ್ಯವಾದಷ್ಟು ಅದೇ ಹೊತ್ತಿಗೆ, ಬಾಗಿಲು ಹಾಕ್ಕೊಂಡು, ಫೋನ್ ಇಲ್ಲದೆ, ಆಟ ಯಾವುದು ಅನ್ನೋದು ಅವನ ಇಷ್ಟ. ನೋಡೋಕೆ ಬರೋ ನೆಂಟರು ಪಾಪು ಹತ್ರ ಹೋಗೋಕೆ ಮುಂಚೆ ಅವನನ್ನ ಮಾತಾಡಿಸಲಿ, ಪಾಪುನ ತೋರಿಸೋ ಕೆಲಸ ಅವನಿಗೇ ಕೊಡಿ.

ಸ್ವಾತಿ, ಇನ್ನೊಂದು. ಮೊದಲ ಒಂದೆರಡು ವಾರ ಸುಮ್ ಸುಮ್ನೆ ಅಳು ಬರೋದು, ಪುಟ್ಟನಿಗೆ ಅನ್ಯಾಯ ಮಾಡ್ದೆ ಅನ್ನಿಸೋದು ತುಂಬಾ ಜನಕ್ಕೆ ಆಗುತ್ತೆ. ಎರಡು ವಾರ ದಾಟಿಯೂ ಹಾಗೇ ಇದ್ರೆ, ಪಾಪು ಮಲಗಿದ್ರೂ ನಿಂಗೆ ನಿದ್ದೆ ಬರದಿದ್ರೆ, ಡಾಕ್ಟರ್ ಹತ್ರ ಹೇಳು, ಸುಸ್ತು ಅಂತ ಬಿಟ್ಟುಬಿಡಬೇಡ.

ಮತ್ತೆ ಮೂರು ತಿಂಗಳಿಗೆ ಎಲ್ಲ ಸರಿಹೋಯ್ತು ಅಂತ ನಿಶ್ಚಿಂತೆಯಾಗಿ ಕೂರಬೇಡಿ. ಪಾಪು ಎಂಟೊಂಬತ್ತು ತಿಂಗಳ ಹೊತ್ತಿಗೆ ಅಂಬೆಗಾಲಿಟ್ಟು ಅವನ ಬ್ಲಾಕ್ಸ್ ಬೀಳಿಸೋಕೆ ಶುರು ಮಾಡಿದಾಗ ಎರಡನೇ ಸುತ್ತು ಶುರುವಾಗುತ್ತೆ, ಕೆಲವು ಮಕ್ಕಳಿಗೆ ಹೊಡೆಯೋದು ಆವಾಗಲೇ ಜಾಸ್ತಿ. ಆ ಹೊತ್ತಿಗೆ ಅವನ ಆಟಕ್ಕೆ ಪಾಪು ಕೈಗೆಟುಕದ ಒಂದು ಮೇಜು ಬೇಕು. ಅದಿರಲಿ, ಮೊದಲು ಹಾಸಿಗೆ. ರೂಮಿನ ಒಂದು ಫೋಟೋ ಹಾಕು, ಅವನ ಹಾಸಿಗೆ ಯಾವ ಗೋಡೆಗೆ ಬರುತ್ತೆ, ತೊಟ್ಟಿಲು ಎಲ್ಲಿ ಅಂತ ನೋಡಿ ಹೇಳ್ತೀನಿ.