ಚಿಗವ್ವನ ಒಲೆಯ ಹೊಗೆ: ಕೊಳವೆ ಏರಿಸುವ ಮುನ್ನ

ಚಿಗವ್ವ, ನಮಸ್ಕಾರ. ಬರೆಯುತ್ತ ಕುಳಿತರೆ ತಡವಾಗುತ್ತದೆಂದು ಹೇಳಿಯೇ ಕಳಿಸುತ್ತಿದ್ದೇನೆ. ಸ್ವಲ್ಪ ಉದ್ದವಾಗಬಹುದು, ಬಿಡುವಾದಾಗ ಕೇಳಿರಿ. ಬೇಸಿಗೆಯಲ್ಲಿ ಚೆನ್ನಾಗಿ ಉರಿಯುತ್ತಿದ್ದ ಮೂರು ಪಾತ್ರೆಯ ಒಲೆ ಮುಂಗಾರು ಶುರುವಾದ ಮೇಲೆ ಅಡುಗೆಮನೆ ತುಂಬ ಹೊಗೆ ಕಾರುತ್ತಿದೆ ಎಂದು ನೀವು ನಿನ್ನೆ ಗುಂಪಿನಲ್ಲಿ ಹೇಳಿದ್ದಿರಿ. ಗೌಂಡಿ ಹೊಗೆ ಕೊಳವೆಯನ್ನು ಇನ್ನೂ ಐದು ಅಡಿ ಏರಿಸೋಣ ಎನ್ನುತ್ತಾನೆ, ತಮ್ಮನೋ ಒಲೆಯನ್ನೇ ಕೆಡವಿ ಗ್ಯಾಸ್ ಒಂದನ್ನೇ ಇಟ್ಟುಕೊಳ್ಳೋಣ ಎನ್ನುತ್ತಾನೆ. ನನ್ನ ಅಭಿಪ್ರಾಯದಲ್ಲಿ ಇವೆರಡರಲ್ಲಿ ಯಾವುದಕ್ಕೂ ಈಗಲೇ ಕೈ ಹಾಕಬಾರದು.

ಬೇಸಿಗೆಯಲ್ಲಿ ಹೊಗೆಯನ್ನು ಸರಿಯಾಗಿ ಎಳೆದ ಒಲೆಯ ಅಳತೆಯಲ್ಲಿ ತಪ್ಪಿರುವ ಸಂಭವ ಕಡಿಮೆ. ಆದ್ದರಿಂದ ಬೇಸಿಗೆಯಿಂದ ಈಚೆಗೆ ಮನೆಯಲ್ಲಿ ಏನು ಬದಲಾಯಿತು ಎಂಬುದನ್ನು ಮೊದಲು ನೋಡಬೇಕು. ನಿಮ್ಮ ಮಾತಿನಲ್ಲೇ ಅದಕ್ಕೆ ಉತ್ತರವಿದೆ: ಗಾಳಿ ಮಳೆಗೆ ಪಡುವಣ ಕಿಟಕಿ ಮುಚ್ಚಿದ್ದೀರಿ, ಅದರ ಜೊತೆಗೆ ತಮ್ಮನು ಎಕ್ಸಾಸ್ಟ್ ಫ್ಯಾನ್ ಕೂರಿಸಿದ್ದಾನೆ, ಕಟ್ಟಿಗೆ ಅಂಗಳದಲ್ಲೇ ನೆನೆದಿದೆ.

ಇವುಗಳಲ್ಲಿ ನನಗೆ ಹೆಚ್ಚು ಅನುಮಾನವಿರುವುದು ಫ್ಯಾನಿನ ಮೇಲೆ. ಕೊಳವೆಯೊಳಗಿನ ಬಿಸಿ ಹೊಗೆ ಹೊರಗಿನ ಗಾಳಿಗಿಂತ ಹಗುರವಾಗಿರುವುದರಿಂದ ಮೇಲೇರುತ್ತದೆ, ಮತ್ತು ಅದು ಏರಿದಷ್ಟೇ ಗಾಳಿ ಎಲ್ಲಿಂದಲಾದರೂ ಕೋಣೆಯೊಳಗೆ ಬರಲೇಬೇಕು. ಕಿಟಕಿ ಬಾಗಿಲು ಮುಚ್ಚಿದ ಕೋಣೆಯಲ್ಲಿ ಫ್ಯಾನ್ ಹಚ್ಚಿದರೆ ಅದು ಗಾಳಿಯನ್ನು ಹೊರಗೆ ನೂಕುತ್ತದೆ. ಆ ಕೊರತೆಯನ್ನು ತುಂಬಲು ಹೊರಗಿನ ಗಾಳಿಗೆ ಸಿಗುವ ದೊಡ್ಡ ಕಿಂಡಿ ನಿಮ್ಮ ಹೊಗೆ ಕೊಳವೆಯೇ ಆಗಿರುತ್ತದೆ. ಆಗ ಗಾಳಿ ಕೊಳವೆಯಲ್ಲಿ ಮೇಲಿನಿಂದ ಕೆಳಗೆ ಇಳಿದು, ಹೊಗೆಯನ್ನು ಒಲೆಯ ಬಾಯಿಂದ ಹೊರಗೆ ತಳ್ಳುತ್ತದೆ. ಹೊಗೆ ಹೆಚ್ಚಾಯಿತೆಂದು ಫ್ಯಾನಿನ ವೇಗ ಹೆಚ್ಚಿಸುತ್ತೀರಿ, ವೇಗ ಹೆಚ್ಚಾದಷ್ಟೂ ಹೊಗೆಯೂ ಹೆಚ್ಚುತ್ತದೆ.

ಇದನ್ನು ಪರೀಕ್ಷಿಸಲು ಹಣ ಬೇಕಿಲ್ಲ. ಬೆಳಿಗ್ಗೆ ಒಲೆ ಹಚ್ಚುವ ಮುನ್ನ, ಬಾಗಿಲು ಹಾಕಿ, ಫ್ಯಾನ್ ಹಚ್ಚಿ, ಒಂದು ಊದಿನಕಡ್ಡಿಯನ್ನು ಒಲೆಯ ಬಾಯಿಗೆ ಹಿಡಿಯಿರಿ. ಅದರ ಹೊಗೆ ಒಳಗೆ ಹೋಗುತ್ತದೆಯೋ ನಿಮ್ಮ ಮುಖದ ಕಡೆಗೆ ಬರುತ್ತದೆಯೋ ನೋಡಿರಿ. ಬಳಿಕ ಫ್ಯಾನ್ ಆರಿಸಿ, ಹಿತ್ತಲ ಬಾಗಿಲನ್ನು ನಾಲ್ಕು ಬೆರಳು ತೆರೆದು ಮತ್ತೊಮ್ಮೆ ಹಿಡಿಯಿರಿ. ಎರಡರಲ್ಲಿ ವ್ಯತ್ಯಾಸ ಕಂಡರೆ ಗೌಂಡಿಯನ್ನು ಕರೆಯುವ ಅಗತ್ಯವೇ ಇಲ್ಲ. ಒಲೆ ಉರಿಯುವಷ್ಟು ಹೊತ್ತು ಫ್ಯಾನ್ ಆರಿಸಿ, ಗಾಳಿ ಬರಲು ಒಂದು ದಾರಿ ಬಿಟ್ಟರೆ ಸಾಕು. ಫ್ಯಾನ್ ಆರಿಸಿದರೂ ಹಚ್ಚಿದ ಮೊದಲ ಹತ್ತು ನಿಮಿಷ ಮಾತ್ರ ಹೊಗೆ ಬರುವುದಾದರೆ, ರಾತ್ರಿಯ ಮಳೆಗೆ ತಣ್ಣಗಾದ ಭಾರವಾದ ಗಾಳಿ ಕೊಳವೆಯಲ್ಲಿ ಕೂತಿದೆ ಎಂದರ್ಥ. ಕೊಳವೆಗೆ ಹತ್ತಿರದ ಕೊನೆಯ ಕುಣಿಯಲ್ಲಿ, ಅಂದರೆ ಪಾತ್ರೆ ಕೂರುವ ಗುಂಡಿಯಲ್ಲಿ, ಒಂದು ಹಿಡಿ ಒಣ ರವದಿಯನ್ನು (ಸೋಗೆಯನ್ನು) ಮೊದಲು ಉರಿಸಿ, ಕೊಳವೆ ಬಿಸಿಯಾದ ನಂತರ ಮುಂದಿನ ಬಾಯಿಗೆ ಬೆಂಕಿ ಹಚ್ಚಿರಿ.

ಗಾಳಿ ಜೋರಾಗಿ ಬೀಸಿದಾಗಲಷ್ಟೇ ಹೊಗೆ ಗಪ್ಪನೆ ಹಿಂದಕ್ಕೆ ನುಗ್ಗುತ್ತಿದ್ದರೆ ದೋಷ ಮೇಲ್ತುದಿಯಲ್ಲಿದೆ. ಮುಂಗಾರಿನ ಗಾಳಿ ನಮ್ಮ ಕೊಪ್ಪಳ ಸೀಮೆಗೆ ಪಡುವಣದಿಂದ ಬರುತ್ತದೆ, ನಿಮ್ಮ ಮನೆಯ ಪಡುವಣಕ್ಕೆ ಪಕ್ಕದವರು ಈಗ ಮಹಡಿ ಎಬ್ಬಿಸಿದ್ದಾರೆ. ಆ ಗೋಡೆಯನ್ನು ದಾಟಿದ ಗಾಳಿ ಕೆಳಕ್ಕೆ ಮಗುಚಿ ಕೊಳವೆಯ ಬಾಯಿಗೆ ಬಡಿಯುತ್ತಿರಬಹುದು. ಹಾಗಿದ್ದರೆ ಮಾತ್ರ ಗೌಂಡಿಯ ಮಾತು ಸರಿ. ಆದರೆ ಐದು ಅಡಿ ಎಂಬ ಅವನ ಲೆಕ್ಕ ಬರೀ ಅಂದಾಜು. ಸುತ್ತ 10 ಅಡಿಯೊಳಗಿನ ಯಾವುದೇ ಗೋಡೆಗಿಂತ ಕೊಳವೆಯ ತುದಿ ಕನಿಷ್ಠ 2 ಅಡಿ ಎತ್ತರದಲ್ಲಿರಬೇಕು, ಮೇಲಿನ ಟೋಪಿ ಹೊಗೆಯ ದಾರಿಯನ್ನು ಕಟ್ಟಬಾರದು. ನೀರಿನ ಪಿವಿಸಿ ಪೈಪನ್ನು ಮಾತ್ರ ಜೋಡಿಸಲು ಬಿಡಬೇಡಿ, ಅದು ಬಿಸಿಗೆ ಮೆತ್ತಗಾಗಿ ಬಾಗುತ್ತದೆ.

ಇನ್ನು ಕಟ್ಟಿಗೆಯ ವಿಷಯ. ಬಳ್ಳಾರಿ ಜಾಲಿ ಒಣಗಿದ್ದರೆ ಅದರಷ್ಟು ಕಾವು ಕೊಡುವ ಕಟ್ಟಿಗೆ ನಮ್ಮ ಕಡೆ ಕಡಿಮೆ. ಹಸಿಯಿದ್ದರೆ ಅದರಷ್ಟು ಕಣ್ಣೀರು ತರಿಸುವ ಕಟ್ಟಿಗೆಯೂ ಕಡಿಮೆ. ಈಗ ತಾನೇ ಕಡಿದ ಮರದ ತೂಕದಲ್ಲಿ ಅರ್ಧದವರೆಗೂ ನೀರಿರಬಹುದು. ಬೆಂಕಿಯ ಕಾವು ಆ ನೀರನ್ನು ಆವಿ ಮಾಡುವುದರಲ್ಲೇ ಕಳೆಯುವುದರಿಂದ ಕೊಳವೆ ಬಿಸಿಯಾಗುವುದಿಲ್ಲ, ಹೊಗೆ ಏರುವುದೂ ಇಲ್ಲ. ಉರಿಯುವಾಗ ತುದಿಯಲ್ಲಿ ನೊರೆ ಬಂದು ಚುಸ್ ಎನ್ನುವ ಕೊರಡನ್ನು ಹೊರಗೆ ತೆಗೆದಿಡಿ. ಸೀಳಿ, ನೆಲದಿಂದ ಮೇಲೆ, ತಗಡಿನ ಕೆಳಗೆ ಒಟ್ಟಿರಿ. ಹತ್ತಿ ಕಟ್ಟಿಗೆ, ಕುಳ್ಳು (ಬೆರಣಿ) ಇವಕ್ಕೂ ಅದೇ ನಿಯಮ. ಹಸಿ ಕಟ್ಟಿಗೆಯ ಹೊಗೆ ಕೊಳವೆಯೊಳಗೆ ಅಂಟು ಮಸಿಯಾಗಿ ಕೂತು ದಾರಿಯನ್ನು ಕಿರಿದು ಮಾಡುತ್ತದೆ, ಆ ಮಸಿಗೆ ಬೆಂಕಿ ತಗುಲಿದರೆ ಕಿಡಿ ನೇರ ಹಿತ್ತಲಿನ ಬಣವೆಗೆ ಹಾರುತ್ತದೆ. ಒಲೆ ಪೂರ್ತಿ ಆರಿದ ದಿನ ತಮ್ಮನಿಗೆ ಹೇಳಿ, ಹಗ್ಗಕ್ಕೆ ಗೋಣಿತಟ್ಟು ಕಟ್ಟಿ ಮೇಲಿನಿಂದ ಎಳೆಸಿರಿ. ಕಟ್ಟಿಗೆ ಉರಿಯುವ ಸರಳುಗಳ ಕೆಳಗಿನ ಬೂದಿಯನ್ನೂ ಕುಣಿಗಳ ನಡುವಿನ ದಾರಿಯನ್ನೂ ಅಂದೇ ತೆಗೆಸಿರಿ.

ಮತ್ತೊಂದು ಮಾತು ಬಿಟ್ಟಿತ್ತು. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಶುರುವಾದ ‘ಅಸ್ತ್ರ’ ಎಂಬ ಕೇಂದ್ರದವರು ರೂಪಿಸಿದ ಅಸ್ತ್ರ ಒಲೆಯ ಮಾದರಿಯೇ ನಿಮ್ಮದು. ಅದರಲ್ಲಿ ಮೂರು ಕುಣಿಗಳ ಮೇಲೂ ಪಾತ್ರೆ ಬಿಗಿಯಾಗಿ ಕೂತಿರಬೇಕು. ಒಂದು ಪಾತ್ರೆ ಇಳಿಸಿ ಕುಣಿಯನ್ನು ಹಾಗೇ ಬಿಟ್ಟರೆ ಕೊಳವೆ ಬೆಂಕಿಯ ಬದಲು ಆ ಕುಣಿಯ ತಣ್ಣನೆ ಗಾಳಿಯನ್ನು ಎಳೆಯುತ್ತದೆ. ಇಳಿಸಿದ ಕೂಡಲೇ ನೀರಿನ ಪಾತ್ರೆಯನ್ನೋ ಮುಚ್ಚಳವನ್ನೋ ಇಡಿರಿ.

ರಾತ್ರಿ ಕೆಂಡವಿರುವಾಗ ಅಡುಗೆಮನೆಯ ಬಾಗಿಲು ಹಾಕಿ ಅಲ್ಲೇ ಮಲಗುವುದು ಬೇಡ. ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ವಾಸನೆಯೂ ಇಲ್ಲ, ಹೊಗೆ ಕಾಣದಿದ್ದರೂ ಅದು ಪ್ರಾಣ ತೆಗೆಯಬಲ್ಲದು.

ನಾಳೆ ಬೆಳಿಗ್ಗೆ ಊದಿನಕಡ್ಡಿ ಹಿಡಿದು, ಫ್ಯಾನ್ ಹಚ್ಚಿದಾಗ ಏನಾಯಿತು, ಆರಿಸಿದಾಗ ಏನಾಯಿತು ಎಂದು ತಿಳಿಸಿರಿ. ತಮ್ಮನು ಮಾಳಿಗೆ ಹತ್ತಿ, ಪಕ್ಕದವರ ಗೋಡೆಯೂ ಕೊಳವೆಯ ತುದಿಯೂ ಒಟ್ಟಿಗೆ ಕಾಣುವಂತೆ ಒಂದು ಫೋಟೊ ಹಾಕಲಿ. ಅಲ್ಲಿಯವರೆಗೆ ಗೌಂಡಿಗೆ ಮುಂಗಡ ಕೊಡಬೇಡಿ.