ಪಾಠ ಗಟಗಟ ಓದುವ ಮಗಳು ಹೊಸ ಸಾಲು ಕೊಟ್ಟರೆ ಯಾಕೆ ನಿಲ್ಲುತ್ತಾಳೆ?

ಪ್ರಶ್ನೆ: ಮಾಜಾಳಿಯ ಅಮ್ಮ

ಎಲ್ಲರಿಗೂ ನಮಸ್ಕಾರ. ನಾವು ಕಾರವಾರ ತಾಲೂಕಿನ ಮಾಜಾಳಿ ಕಡೆಯವರು. ಮನೆಯಲ್ಲಿ ಕೊಂಕಣಿ. ಮಗಳು ಸರ್ಕಾರಿ ಕನ್ನಡ ಶಾಲೆಯಲ್ಲಿ ಎರಡನೇ ತರಗತಿ. ಆಗಸ್ಟ್‌ನಲ್ಲಿ ಮೀನುಗಾರಿಕೆ ಶುರುವಾದ ಮೇಲೆ ಯಜಮಾನರು ಬೋಟಿನಲ್ಲೇ ಜಾಸ್ತಿ. ಹಾಗಾಗಿ ಮಗಳ ಓದು ನೋಡುವವಳು ನಾನೇ. ನಾನು ಎಸ್‌ಎಸ್‌ಎಲ್‌ಸಿ ತನಕ ಓದಿದ್ದೇನೆ, ಮನೆಯಲ್ಲೇ ಹೊಲಿಗೆ ಮಾಡುತ್ತೇನೆ.

ಕಳೆದ ವಾರ ಶಾಲೆಯಲ್ಲಿ ಪಾಲಕರ ಸಭೆ ಇತ್ತು. ಗೋಡೆಯ ಮೇಲೆ ಕಲಿಕೆಯ ಗುರಿಗಳ ಚಾರ್ಟ್ ಹಚ್ಚಿದ್ದರು. ಎರಡನೇ ತರಗತಿ ಮುಗಿಯುವಾಗ ನಿಮಿಷಕ್ಕೆ 45ರಿಂದ 60 ಪದ, ಮೂರನೇ ತರಗತಿ ಮುಗಿಯುವಾಗ ಕಡಿಮೆ ಎಂದರೂ 60 ಪದ ಓದಬೇಕಂತೆ. ಮನೆಗೆ ಬಂದು ಮೊಬೈಲ್‌ನಲ್ಲಿ ಟೈಮ್ ಇಟ್ಟು ಓದಿಸಿದೆ. ಪುಸ್ತಕದ ಪಾಠವನ್ನು ಗಟಗಟ ಓದಿದಳು. ಎಣಿಸಿದರೆ 50 ದಾಟಿತು. ಎಷ್ಟು ಖುಷಿಯಾಯಿತು ಅಂದ್ರೆ!

ಆಮೇಲೆ ಯಾಕೋ ಮನಸ್ಸಿಗೆ ಬಂದು ಚಿತ್ರದ ಮೇಲೆ ಹೆಬ್ಬೆರಳು ಇಟ್ಟು ಅದರ ಕೆಳಗಿನ ಪದ ಓದು ಅಂದೆ. ಸುಮ್ಮನಾದಳು. ಬ್ಲೌಸಿನ ಅಳತೆ ಬರೆದಿದ್ದ ಚೀಟಿಯ ಹಿಂದೆ ನಾನೇ ಒಂದು ಸಾಲು ಬರೆದುಕೊಟ್ಟೆ: ‘ಅಜ್ಜಿ ಪೇಟೆಯಿಂದ ಬಂಗಡೆ ತಂದಳು.’ ಅ ಅಂದಳು, ಜ ಅಂದಳು, ಅಲ್ಲೇ ನಿಂತಳು. ಸ್ವಲ್ಪ ಹೇಳಿಕೊಟ್ಟ ಮೇಲೆ ಪೇ, ಟೆ, ಯಿಂ, ದ ಅಂತ ಬಿಡಿಬಿಡಿಯಾಗಿ ಓದಿ ಮುಗಿಸಿದಳು. ಬಂಗಡೆ ತಂದದ್ದು ಯಾರು ಅಂದರೆ ನನ್ನ ಮುಖ ನೋಡುತ್ತಾಳೆ. ಅಜ್ಜಿಯೂ ಗೊತ್ತು, ಬಂಗಡೆ ಮೀನೂ ಗೊತ್ತು!

ದಿನಾ ಟೈಮ್ ಇಟ್ಟು ಓದಿಸಬೇಕಾ? ಮನೆಯಲ್ಲಿ ಕೊಂಕಣಿ ಬಿಟ್ಟು ಕನ್ನಡ ಮಾತಾಡಬೇಕಾ? ಪಕ್ಕದ ಮನೆಯವರು ಇಂಗ್ಲಿಷ್ ಮೀಡಿಯಂಗೆ ಹಾಕು ಅನ್ನುತ್ತಾರೆ. ರಾತ್ರಿ ನಿದ್ದೆ ಬರುತ್ತಿಲ್ಲ.

ಉತ್ತರ 1: ಅಂಕೋಲೆಯ ನಿವೃತ್ತ ಅಕ್ಕೋರು

ತಂಗಿ, ಮೊದಲು ನಿದ್ದೆ ಮಾಡು. ನೀನು ಚಿತ್ರದ ಮೇಲೆ ಹೆಬ್ಬೆರಳು ಇಟ್ಟೆಯಲ್ಲ, ಅದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. 31 ವರ್ಷ ಒಂದನೇ, ಎರಡನೇ ತರಗತಿಗೆ ಕಲಿಸಿದವಳು ಹೇಳುತ್ತಿದ್ದೇನೆ.

ಆ ಚಾರ್ಟಿನಲ್ಲಿ ಇರುವುದು ನಿಪುಣ್ ಭಾರತ್ ಗುರಿಗಳು. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ಯೋಜನೆ. ಮೂರನೇ ತರಗತಿ ಮುಗಿಸುವ ಪ್ರತಿ ಮಗುವೂ 2026-27ರ ಹೊತ್ತಿಗೆ ಅರ್ಥ ಮಾಡಿಕೊಂಡು ಓದಬೇಕು ಅನ್ನುವುದು ಅದರ ಆಸೆ. ಎಲ್ಲರ ಕಣ್ಣಿಗೆ 60 ಬೀಳುತ್ತದೆ. ‘ಅರ್ಥ ಮಾಡಿಕೊಂಡು’ ಅನ್ನುವುದು ಜಾರಿ ಹೋಗುತ್ತದೆ. ಅದು ಜಾರಿದರೆ ಉಳಿದ ಓದು ಬರೀ ಬಾಯಿಪಾಠ.

ಇನ್ನೊಂದು ವಿಷಯ. ಈ ಎಣಿಕೆ ಎಲ್ಲ ಭಾಷೆಗೂ ಒಂದೇ. ಆದರೆ ನಮ್ಮ ‘ಪೇಟೆಯಿಂದ’ ಒಂದೇ ಪದ, ಹಿಂದಿಯಲ್ಲಿ ಅದು ಎರಡು ಪದ. ಕನ್ನಡದ ಒಂದು ಪದದೊಳಗೆ ಜಾಸ್ತಿ ಸಾಮಾನು ತುಂಬಿರುತ್ತದೆ. ಹಾಗಾಗಿ ಐದು ಪದ ಹಿಂದೆ ಬಿದ್ದಳು ಅಂತ ಮಗುವಿನ ಎದುರು ಲೆಕ್ಕ ಹಾಕಬೇಡ.

ಅವಳು ನಿಂತದ್ದು ಎಲ್ಲಿ ಅಂತ ನೋಡು. ‘ಜ್ಜಿ’ಯಲ್ಲಿ. ಒತ್ತಕ್ಷರ! ಇಂಗ್ಲಿಷಿನಲ್ಲಿ 26 ಅಕ್ಷರ. ನಮ್ಮ ವರ್ಣಮಾಲೆಯಲ್ಲಿ 49. ಅದರ ಮೇಲೆ ಕಾಗುಣಿತ, ಅದರ ಕೆಳಗೆ ಒತ್ತು. ಮಗು ಗುರುತಿಸಬೇಕಾದ ರೂಪಗಳು ನೂರಾರು. ಸಂಶೋಧಕಿ ಸೋನಾಲಿ ನಾಗ್ ಅವರು ಕನ್ನಡ ಓದು ಕಲಿಯುವ ಮಕ್ಕಳ ಮೇಲೆ ಅಧ್ಯಯನ ಮಾಡಿ 2007ರಲ್ಲಿ ಇದನ್ನೇ ಬರೆದರು. ಕಡಿಮೆ ಅಕ್ಷರಗಳ ಭಾಷೆಗೆ ಹೋಲಿಸಿದರೆ ಕನ್ನಡದ ಅಕ್ಷರಗಳು ಮಕ್ಕಳ ಕೈಗೆ ಸಿಗಲು ಹೆಚ್ಚು ಸಮಯ ಬೇಕು. ಎರಡನೇ ತರಗತಿ ಶುರುವಾಗಿ ಮೂರು ತಿಂಗಳಾದ ಮಗು ಒತ್ತಿನಲ್ಲಿ ತಡವರಿಸಿದರೆ ಹೆದರಬೇಕಾಗಿಲ್ಲ.

ನಾನು ಶಾಲೆಯಲ್ಲಿ ಮಾಡುತ್ತಿದ್ದ ಒಂದು ಕೆಲಸ ಹೇಳುತ್ತೇನೆ. ನಮ್ಮ ಕರಾವಳಿಯ ಬಸ್ ಬೋರ್ಡುಗಳನ್ನು ಸಾಲಾಗಿ ಬರೆದು ನೋಡು. ಕಾರವಾರ, ಕುಮಟಾ: ಬರೀ ಅಕ್ಷರ, ಸ್ವಲ್ಪ ಕಾಗುಣಿತ. ಅಂಕೋಲಾ: ಒಂದು ಸೊನ್ನೆ ಬಂತು. ಹೊನ್ನಾವರ: ನ-ಗೆ ನ-ದೇ ಒತ್ತು. ಭಟ್ಕಳ: ಟ-ಗೆ ಕ-ದ ಒತ್ತು, ಬೇರೆ ಜಾತಿಯ ಒತ್ತು. ಹೆದ್ದಾರಿಯಲ್ಲಿ ದಕ್ಷಿಣಕ್ಕೆ ಹೋದಂತೆ ಹೆಚ್ಚುಕಡಿಮೆ ಅಕ್ಷರ ಕಠಿಣವಾಗುತ್ತದೆ. ಮಕ್ಕಳಿಗೆ ಈ ಊರುಗಳೆಲ್ಲ ಗೊತ್ತು. ಬೋರ್ಡಿನಲ್ಲಿ ಚಿತ್ರ ಇಲ್ಲ, ಬಾಯಿಪಾಠ ಮಾಡಲು ಪದ್ಯವೂ ಅಲ್ಲ. ಬಸ್ ತಪ್ಪಬಾರದು ಅಂದರೆ ಓದಲೇಬೇಕು.

ಕೊಂಕಣಿ ಬಿಡಲೇಬೇಡ, ತಂಗಿ. ಸಾಲು ಕನ್ನಡದಲ್ಲಿ ಓದಲಿ, ನೀನು ‘ಬಾಂಗಡೆ ಕೋಣೆ ಹಾಡ್ಲೆ?’ (ಬಂಗಡೆ ಯಾರು ತಂದರು?) ಅಂತ ಕೊಂಕಣಿಯಲ್ಲೇ ಕೇಳು. ಉತ್ತರ ಕೊಂಕಣಿಯಲ್ಲಿ ಬಂದರೂ ಅರ್ಥವಾಯಿತು ಅಂತಲೇ ಲೆಕ್ಕ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಒಂದು ತಪ್ಪು ಮಾಡಿದ್ದೆ. ದೋಣಿಯ ಚಿತ್ರ, ಕೆಳಗೆ ‘ದೋಣಿ’ ಅಂತ ಬರೆದಿದೆ. ಒಬ್ಬ ಹುಡುಗಿ ‘ಪಾತಿ’ ಅಂತ ಓದಿದಳು. ತಪ್ಪು ಅಂತ ಕೂರಿಸಿದೆ. ಪಾತಿ ಅಂದರೆ ಸಣ್ಣ ದೋಣಿ, ಅವಳ ಅಪ್ಪ ದಿನಾ ನೀರಿಗೆ ಇಳಿಸುತ್ತಿದ್ದದ್ದು ಅದನ್ನೇ. ಅರ್ಥ ಅವಳ ಹತ್ತಿರ ಇತ್ತು, ಅಕ್ಷರ ಮಾತ್ರ ಇರಲಿಲ್ಲ. ‘ಹೌದು, ಪಾತಿಯೇ. ಇಲ್ಲಿ ಅದನ್ನ ಏನಂತ ಬರೆದಿದ್ದಾರೆ ನೋಡುವಾ’ ಅಂದಿದ್ದರೆ ಸಾಕಿತ್ತು. ಆ ಹುಡುಗಿ ಆ ವರ್ಷ ಮತ್ತೆ ಜೋರಾಗಿ ಓದಲಿಲ್ಲ. ಈಗಲೂ ನೆನಪಾದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಉತ್ತರ 2: ಶಿರಸಿ ತಾಲೂಕಿನ ಮಾಸ್ತರು

ಅಕ್ಕೋರ ಮಾತು ಒಪ್ಪುತ್ತೇನೆ, ಆದರೆ ವೇಗವನ್ನು ಅಷ್ಟು ಸುಲಭಕ್ಕೆ ಬಿಟ್ಟುಕೊಡಲಾರೆ. ಪೇ, ಟೆ, ಯಿಂ, ದ ಅಂತ ಒಂದೊಂದಾಗಿ ಎಳೆದರೆ ಸಾಲಿನ ಕೊನೆ ಮುಟ್ಟುವಾಗ ಶುರುವಿನ ಅಜ್ಜಿ ಮರೆತೇ ಹೋಗಿರುತ್ತಾಳೆ. ನಿಮ್ಮ ಮಗಳಿಗೆ ಆದದ್ದೂ ಅದೇ. ಅವಳಿಗೆ ಬುದ್ಧಿ ಕಮ್ಮಿ ಅಂತಲ್ಲ. ವೇಗ ಬೇಕಾದದ್ದು ಅರ್ಥ ಕೈ ತಪ್ಪದ ಹಾಗೆ ಹಿಡಿದುಕೊಳ್ಳಲು.

ನಮ್ಮ ನಲಿ-ಕಲಿ (ಚಟುವಟಿಕೆಯಿಂದ ಕಲಿಯುವ) ಕೋಣೆಯಲ್ಲಿ ಒಂದು, ಎರಡು, ಮೂರನೇ ತರಗತಿ ಒಟ್ಟಿಗೆ ಕೂರುತ್ತವೆ. ಕಲಿಕೆಯ ಹಂತಗಳ ಏಣಿ ಇದೆ, ಅದರಲ್ಲಿ ಮೈಲಿಗಲ್ಲು ಇದೆ, ಪ್ರತಿ ಮಗು ತನ್ನ ಮೆಟ್ಟಿಲಲ್ಲಿ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ಪದ್ಧತಿ ಇದು. ಅ ಆ ಇ ಈ ಬದಲು ರ ಗ ಸ ದ ಅ ಇಂದ ಶುರು ಮಾಡುತ್ತೇವೆ. ಐದೇ ಅಕ್ಷರಕ್ಕೆ ಸರ, ರಸ, ಅರಸ, ಅಗಸ, ಗರಗಸ ಓದಬಹುದು. ಆದರೆ ನಾಲ್ಕನೇ ತರಗತಿಗೆ ಹೋದ ದಿನ ಏಣಿ ಇರುವುದಿಲ್ಲ, ದಪ್ಪ ಪುಸ್ತಕ ಇರುತ್ತದೆ. ‘ನಿಧಾನಕ್ಕೆ ಬರುತ್ತದೆ ಬಿಡಿ’ ಅಂತ ಬಿಟ್ಟ ಮಕ್ಕಳು ಐದನೇ ತರಗತಿಯಲ್ಲಿ ಪರಿಸರ ಅಧ್ಯಯನದ ಪ್ರಶ್ನೆ ಓದಲಾಗದೆ ಕೂತಿದ್ದನ್ನು ಕಣ್ಣಾರೆ ನೋಡಿದ್ದೇನೆ.

ಅದಕ್ಕೆ ಹೀಗೆ ಮಾಡಿ. ಮುಂದಿನ ಸಲ ಶಾಲೆಗೆ ಹೋದಾಗ ‘ಮಗಳು ಈಗ ಯಾವ ಮೈಲಿಗಲ್ಲಿನಲ್ಲಿ ಇದ್ದಾಳೆ?’ ಅಂತ ಕೇಳಿ. ‘ಚೆನ್ನಾಗಿ ಓದುತ್ತಾಳಾ?’ ಅಂದರೆ ‘ಹೂಂ’ ಅನ್ನುವ ಉತ್ತರ ಮಾತ್ರ ಸಿಗುತ್ತದೆ. ಮನೆಯಲ್ಲಿ ಐದಾರು ಹೊಸ ಸಾಲು ಬರೆದು ಅದನ್ನೇ ಮೂರು ದಿನ ಓದಿಸಿ. ಮೊದಲ ದಿನ ಬಿಡಿಬಿಡಿ, ಮೂರನೇ ದಿನ ಮಾತಾಡಿದ ಹಾಗೆ ಬರುತ್ತದೆ. ಟೈಮ್ ನೋಡಿ, ಆದರೆ ಅವಳಿಗೆ ಕಾಣದ ಹಾಗೆ. ನಿಮ್ಮ ಗ್ರಾಮ ಪಂಚಾಯಿತಿ ಲೈಬ್ರರಿಯಲ್ಲಿ ಮಕ್ಕಳಿಗೆ ಸದಸ್ಯತ್ವ ಉಚಿತ, 2020ರಿಂದ ‘ಓದುವ ಬೆಳಕು’ ಅಂತ ನಡೆಯುತ್ತಿದೆ. ಚಿತ್ರದ ಕಥೆ ಪುಸ್ತಕ ತನ್ನಿ.

ಉತ್ತರ 3: ಕುಮಟೆಯ ಅಪ್ಪ

ಒಮ್ಮೆ ಕಣ್ಣು ತೋರಿಸಿಬಿಡಿ. ನಮ್ಮ ಮಗ ಒತ್ತು ಬಿಟ್ಟು ಓದುತ್ತಿದ್ದ. ಒಂದು ವರ್ಷ ಬೈದೆವು. ಆಮೇಲೆ ನೋಡಿದರೆ ಕೆಳಗಿನ ಸಣ್ಣ ಗೆರೆ ಅವನಿಗೆ ಕಾಣುತ್ತಲೇ ಇರಲಿಲ್ಲ.

ಮಾಜಾಳಿಯ ಅಮ್ಮ (ಮೂರು ವಾರದ ನಂತರ)

ಕಣ್ಣು ತೋರಿಸಿದೆವು, ಏನೂ ತೊಂದರೆ ಇಲ್ಲವಂತೆ. ನಿನ್ನೆ ಕಾರವಾರ ಬಸ್ ಸ್ಟ್ಯಾಂಡಿನಲ್ಲಿ ಅರ್ಧ ಗಂಟೆ ಕೂತೆವು. ಅಂಕೋಲಾ, ಕುಮಟಾ ತಾನೇ ಓದಿದಳು. ಹೊನ್ನಾವರಕ್ಕೆ ಸ್ವಲ್ಪ ಹೊತ್ತು ಬೇಕಾಯಿತು. ಮುಂದಿನ ಬಸ್ಸಿಗೆ ‘ಭಟಕಳ’ ಅಂದಳು. ನಾನು ಏನೂ ಹೇಳಲಿಲ್ಲ. ಬಸ್ ಹಿಂದೆ ತಿರುಗಿಸುವಷ್ಟರಲ್ಲಿ ನನ್ನ ಸೆರಗು ಎಳೆದು, ‘ಆಯಿ, ಟ-ದ ಕೆಳಗೆ ಕ ಇದೆ. ಭಟ್ಕಳ!’ ಅಂದಳು. ಅಲ್ಲೇ ಕಣ್ಣು ತುಂಬಿತು.

ರಾತ್ರಿ ನನ್ನ ಅಳತೆಯ ಚೀಟಿ ತೆಗೆದುಕೊಂಡು ತಾನೇ ಒಂದು ಸಾಲು ಬರೆದಿದ್ದಾಳೆ: ‘ಪಪ್ಪ ನಾಳೆ ಬರುತಾರೆ.’ ಪಪ್ಪನಿಗೆ ಒತ್ತು ಸರಿಯಾಗಿ ಕೊಟ್ಟಿದ್ದಾಳೆ, ‘ಬರುತ್ತಾರೆ’ಯಲ್ಲಿ ಬಿಟ್ಟಿದ್ದಾಳೆ. ತಿದ್ದಬೇಕಾ, ಅಕ್ಕೋರೇ?

ಅಂಕೋಲೆಯ ನಿವೃತ್ತ ಅಕ್ಕೋರು

ಕೆಂಪು ಗೆರೆ ಹಾಕಬೇಡ. ಆ ಚೀಟಿಯ ಕೆಳಗೇ ನೀನು ಉತ್ತರ ಬರೆದಿಡು: ‘ಹೌದು, ಪಪ್ಪ ನಾಳೆ ಬರುತ್ತಾರೆ. ಏನು ತರುತ್ತಾರೆ?’ ಅವಳು ಅದನ್ನು ಓದಿ ಏನು ಬರೆಯುತ್ತಾಳೆ ಅಂತ ನನಗೂ ತಿಳಿಸು.